ಬಿಳಿಬಂಡೆಯ ಹೊಸ್ತಿಲು

ಸಂಪಾಜೆ
ಜನವರಿ 10, 1954

ಚಿ. ಸೌ. ಯಮುನಳಿಗೆ ಆಶೀರ್ವಾದ.

ನಾವು ಕ್ಷೇಮ. ಹುತ್ತರಿ ಹಬ್ಬಕ್ಕೆ ಬರೆದ ಕಾಗದಕ್ಕೂ ಇದಕ್ಕೂ ನಡುವೆ ಹೆಚ್ಚು ದಿನವಾಗಿಲ್ಲ. ನಮ್ಮಿಬ್ಬರ ಲೆಕ್ಕದಲ್ಲಿ ಇದು ಅವಸರವೇ. ಕಾರಣವಿದೆ.

ಮಂಗಳೂರಿನ ಕಾಫಿ ಕ್ಯೂರಿಂಗ್ ಕಂಪೆನಿಯವರು ಈ ವರ್ಷ ತಮ್ಮ ಬೆಳೆಗಾರರಿಗೆಲ್ಲ ಸಂಸಾರ ಸಮೇತ ಎರಡು ದಿನದ ಹಡಗಿನ ಪ್ರವಾಸ ಏರ್ಪಡಿಸಿದ್ದಾರೆ. ಮಾರ್ಚಿಯಲ್ಲಿ, ಪಿಕ್ಕಿಂಗ್ ಮುಗಿದ ಮೇಲೆ. ದಾರಿಯಲ್ಲಿ ಒಂದು ದ್ವೀಪದ ಬಳಿ ಲಂಗರು ಹಾಕಿ, ಇಷ್ಟವಿದ್ದವರನ್ನು ದೋಣಿಯಲ್ಲಿ ಇಳಿಸಿ, ದೀಪಸ್ತಂಭ ತೋರಿಸಿ ಕರೆತರುತ್ತಾರಂತೆ. ದ್ವೀಪದ ಹೆಸರು ಓದಿದ ಕಮಲ ಆ ಕಾಗದವನ್ನು ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಅಲ್ಲಿಂದ ಬಹಳ ಹೊತ್ತು ಯಾವ ಪಾತ್ರೆಯ ಸದ್ದೂ ಬರಲಿಲ್ಲ. ಬಿಳಿಬಂಡೆ ಎಂದು ಬರೆದಿತ್ತು.

ನಿನಗೆ ಸುಳ್ಳು ಆಸೆ ಬೇಡವೆಂದು ಮೊದಲೇ ತಿಳಿಸುತ್ತಿದ್ದೇನೆ. ಕಮಲ ಮತ್ತು ಮಕ್ಕಳು ಇಳಿದು ನಿನ್ನಲ್ಲಿಗೆ ಬರುತ್ತಾರೆ. ನಾನು ಹಡಗಿನಲ್ಲೇ ಇರುತ್ತೇನೆ. ನಿನ್ನ ಮದುವೆಯ ವರ್ಷ, ನಮ್ಮ ಅಂಗಳದಲ್ಲಿ, ಕುಟ್ಟಪ್ಪ ಮಾವನ ಎದುರಿಗೆ ನಾನು ಆಡಿದ ಮಾತು ನಿನಗೆ ನೆನಪಿದೆ. ಸಿದ್ದರಾಜುವಿನ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದಿದ್ದೆ. ಅವರು ಕೆಟ್ಟವರೆಂದಲ್ಲ. ಕುಶಾಲನಗರದ ಕಡೆಯ ಒಕ್ಕಲು ಮನೆಯವರು, ಯುದ್ಧದಲ್ಲಿ ನೌಕಾಪಡೆ ಸೇರಿದವರು, ಬಂದ ಮೇಲೂ ನೆಲ ಹಿಡಿಯದೆ ಸಮುದ್ರದ ನಡುವೆ ದೀಪ ಕಾಯಲು ಹೋದವರು. ಅಂಥವರಿಗೆ ತಂಗಿಯನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ನೀನು ಕೇಳಲಿಲ್ಲ. ಆಡಿದ ಮಾತನ್ನು ಸಾಕುವುದು ಹಸು ಸಾಕಿದ ಹಾಗೆ, ಹಾಲು ಕೊಡದಿದ್ದರೂ ಹುಲ್ಲು ಹಾಕಬೇಕು.

ದೂರದಿಂದ ನೋಡುತ್ತೇನೆ. ಏನು ಬೇಕೋ ಬರೆ, ಕಮಲಳ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಅಣ್ಣ,
ನಾಣಯ್ಯ

*

ಬಿಳಿಬಂಡೆ
ಫೆಬ್ರವರಿ 3, 1954

ಅಣ್ಣನಿಗೆ ನಮಸ್ಕಾರ.

ಇಲ್ಲಿಗೆ ಸಾಮಾನಿನ ದೋಣಿ ಬರುವುದು ಹದಿನೈದು ದಿನಕ್ಕೊಮ್ಮೆ. ಅಕ್ಕಿ, ಬೆಲ್ಲ, ಕಾಗದ, ಎಲ್ಲದಕ್ಕೂ ಸೀಮೆಎಣ್ಣೆಯ ವಾಸನೆ. ನಿನ್ನ ಕೋಪಕ್ಕೂ ಅದೇ ವಾಸನೆ ಹತ್ತಿತ್ತು. ಬಿಸಿಲಿಗೆ ಹರಡಿ ಆಮೇಲೆ ಓದಿದೆ.

ನೀನು ಹಡಗಿನಲ್ಲೇ ಇರು. ಬಲವಂತವಿಲ್ಲ. ಇಲ್ಲಿ ನೋಡುವುದಕ್ಕೆ ಏನೂ ಇಲ್ಲ ಎಂದು ನೋಡಿದವರೆಲ್ಲ ಹೇಳಿದ್ದಾರೆ. ಒಂದು ಬಂಡೆ, ಅದರ ಮೇಲೆ ದೀಪ, ದೀಪದ ಕೆಳಗೆ ನಮ್ಮ ಮನೆ, ಎಣ್ಣೆಯ ಪೀಪಾಯಿಯಲ್ಲಿ ನಾನು ಬೆಳೆಸಿದ ಒಂದು ನುಗ್ಗೆ. ಬಂಡೆ ಬೆಳ್ಳಗಿರುವುದು ಹಕ್ಕಿಗಳ ದಯೆ. ಆದರೆ ದುರ್ಬೀನು ಇದೆ. ನೀನು ಕಟಕಟೆ ಹಿಡಿದು ನಿಂತುಕೋ, ಮೀಸೆ ಎಷ್ಟು ನರೆತಿದೆ ನೋಡುತ್ತೇನೆ. ಮೇಲೆ ಹತ್ತಿ ನೋಡಲು ಈಗೀಗ ನನ್ನಿಂದ ಆಗುತ್ತಿಲ್ಲ, ಮೊಣಕಾಲು. ಅವರೇ ದುರ್ಬೀನು ಕೆಳಗೆ ತಂದುಕೊಡುತ್ತಾರೆ.

ನಿನ್ನ ಕಾಗದ ಅವರಿಗೂ ಓದಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, "ನಿಮ್ಮಣ್ಣಯ್ಯ ಬಂದ್ರೆ ಕೂರ್ಸೋಕೆ ಇರೋದು ಒಂದೇ ಕುರ್ಚಿ, ಅದಕ್ಕೂ ಮೂರೇ ಕಾಲು" ಎಂದರು.

"ಅವನು ಇಳಿಯೋದಿಲ್ಲವಂತಲ್ಲ" ಎಂದೆ.

"ಹಂಗಾರೆ ಸರಿ, ಮೂರು ಕಾಲೇ ಸಾಕು ಬುಡು" ಎಂದರು. ಸಂಜೆ ನೋಡಿದರೆ ನಾಲ್ಕನೆಯ ಕಾಲು ಕೂಡಿಸುತ್ತಾ ಕುಳಿತಿದ್ದರು.

ಅತ್ತಿಗೆಯ ಕೈಯಲ್ಲಿ ಒಂದು ಬಾಟಲಿ ಕಾಚಂಪುಳಿ ಕಳಿಸು. ಉಪ್ಪಿನಲ್ಲಿಟ್ಟ ಮಾವಿನಕಾಯಿಯೂ ಬೇಕು. ಇನ್ನೂ ಏನಾದರೂ ಹುಳಿ ಇದ್ದರೆ ಅದೂ.

ಯಮುನ

*

ಸಂಪಾಜೆ
ಫೆಬ್ರವರಿ 21, 1954

ಚಿ. ಸೌ. ಯಮುನಳಿಗೆ ಆಶೀರ್ವಾದ.

ಮೊಣಕಾಲಿನ ಸುದ್ದಿ ಓದಿ ಚಿಂತೆಯಾಯಿತು. ನಿನ್ನ ವಯಸ್ಸಿಗೆ ಬರುವ ನೋವಲ್ಲ ಅದು. ಆ ಮೆಟ್ಟಿಲುಗಳನ್ನು ನಿನ್ನಿಂದಲೂ ಹತ್ತಿಸುತ್ತಿದ್ದಾರೆಯೇ? ದೀಪ ಹಚ್ಚಲು ಸಂಬಳ ಬರುವುದು ಅವರಿಗೆ, ನಿನಗಲ್ಲ. ಊಟದ ಮಾತೂ ನನಗೆ ಸರಿ ಕಾಣಲಿಲ್ಲ. ಬಾಯಿ ರುಚಿ ಕೆಟ್ಟವರು ಹುಳಿ ಕೇಳುತ್ತಾರೆ. ಅಲ್ಲಿ ಏನು ಉಣ್ಣುತ್ತೀಯೋ ಎಂದು ಕಮಲಳಿಗೆ ಹೇಳಿದರೆ ಅವಳು ನಗುತ್ತಾಳೆ. ಮಾವಿನಕಾಯಿಯ ಭರಣಿ ಮಾತ್ರ ಎರಡು ಕಟ್ಟಿಟ್ಟಿದ್ದಾಳೆ. ಹೆಂಗಸರಿಗೆ ಇನ್ನೊಬ್ಬರ ಕಷ್ಟದಲ್ಲಿ ನಗು ಹೇಗೆ ಬರುತ್ತದೋ ನನಗೆ ತಿಳಿಯದು.

ಒಂದು ದಾರಿ ಹೊಳೆದಿದೆ. ನೀನೇ ಹಡಗಿಗೆ ಬಾ. ದೋಣಿ ಹೇಗೂ ಬಂದು ಹೋಗಿ ಮಾಡುತ್ತಿರುತ್ತದೆ. ಹಡಗು ಯಾರ ಮನೆಯೂ ಅಲ್ಲ, ಅದಕ್ಕೆ ಹೊಸ್ತಿಲೂ ಇಲ್ಲ. ಡೆಕ್ಕಿನ ಮೇಲೆ ಕುಳಿತು ಚಹಾ ಕುಡಿಯೋಣ. ನನ್ನ ಮಾತೂ ಉಳಿಯುತ್ತದೆ, ನಿನ್ನನ್ನು ನೋಡಿದಂತೆಯೂ ಆಗುತ್ತದೆ. ಬೇಕಾದರೆ ಅವರೂ ಬರಲಿ. ಹಗಲು ದೀಪ ಉರಿಯುವುದಿಲ್ಲವಲ್ಲ.

ಇದಕ್ಕಿಂತ ಹೆಚ್ಚು ಬಗ್ಗಲು ನನಗೆ ಬರುವುದಿಲ್ಲ.

ನಾಣಯ್ಯ

*

ಬಿಳಿಬಂಡೆ
ಮಾರ್ಚ್ 8, 1954

ಅಣ್ಣನಿಗೆ ನಮಸ್ಕಾರ.

ದೋಣಿಯವನು ಅವಸರ ಮಾಡುತ್ತಿದ್ದಾನೆ. ಅದಕ್ಕೇ ಚಿಕ್ಕ ಕಾಗದ.

ಹಡಗಿಗೆ ನಾನು ಬರುವುದಿಲ್ಲ. ಹಗ್ಗದ ಏಣಿ ಹತ್ತಲು ಈಗ ನನ್ನಿಂದಾಗದು. ಕಾರಣ ಕಾಗದದಲ್ಲಿ ಬರೆಯುವಂಥದ್ದಲ್ಲ, ನೋಡುವಂಥದ್ದು. ಬಂದರೆ ನೋಡುತ್ತೀ.

ಆ ದಿನ ಬಂಡೆಯ ಬುಡದಲ್ಲಿ ಅಲೆ ಹೇಗಿರುತ್ತದೋ ಹೇಳಲಾಗದು. ಜೋರಿದ್ದರೆ ಅವರು ಇಲ್ಲಿಂದಲೇ ತಿಳಿಸುತ್ತಾರೆ. ಅದಕ್ಕೆ ಇಲ್ಲಿ ಸರ್ಕಾರದ ಕ್ರಮ ಇದೆ.

ಯಮುನ

*

ಸಂಪಾಜೆ
ಮಾರ್ಚ್ 30, 1954

ಚಿ. ಸೌ. ಯಮುನಳಿಗೆ ಆಶೀರ್ವಾದ.

ಸುಖವಾಗಿ ಊರು ಸೇರಿದೆವು. ಆಮೇಲೆ ಮಡಿಕೇರಿಯಿಂದ ಇತ್ತ ಬಸ್ಸಿನಲ್ಲಿ ಬಂದವರೆಲ್ಲ ನಮ್ಮ ಕಥೆಯನ್ನು ನಮಗೇ ಹೇಳಿದರು. ನಾವು ಇಳಿದ ಮೇಲಿನದು ನಿನಗೆ ಗೊತ್ತು. ಇಳಿಯುವ ಮೊದಲಿನದು ಗೊತ್ತಿಲ್ಲ. ಅದನ್ನು ಇನ್ನೊಬ್ಬರು ಬಣ್ಣ ಹಚ್ಚಿ ಹೇಳುವ ಮೊದಲು ನಾನೇ ಬರೆಯುತ್ತೇನೆ.

ಬೆಳಿಗ್ಗೆ ಲಂಗರು ಹಾಕಿದರು. ಡೆಕ್ಕಿನಿಂದ ಸಮುದ್ರ ಸಪಾಟಾಗಿ ಕಾಣುತ್ತಿತ್ತು, ನಿನ್ನ ಬಂಡೆಯ ಬುಡದಲ್ಲಿ ಮಾತ್ರ ಬಿಳಿ ನೊರೆ ಏಳುತ್ತಿತ್ತು. ದೋಣಿ ಇಳಿಸುವುದೋ ಬೇಡವೋ ಎಂದು ಹಡಗಿನ ಸಾರಂಗ, ಅಂದರೆ ನಾವಿಕರ ಮೇಸ್ತ್ರಿ, ಕೈಕಟ್ಟಿ ನಿಂತಿದ್ದ. ಕಮಲ ಕಾಚಂಪುಳಿಯ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ನಾನು ದ್ವೀಪದ ಕಡೆಗೆ ಬೆನ್ನು ಹಾಕಿ ಪತ್ರಿಕೆ ಓದುತ್ತಿದ್ದೆ. ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು ಕುಟ್ಟಪ್ಪ ಮಾವ ಊರಿಗೆಲ್ಲ ಸಾರುತ್ತಿದ್ದಾರೆ. ಸುಳ್ಳು. ಅದು ಹಿಂದಿನ ದಿನದ ಪತ್ರಿಕೆ, ಅಷ್ಟೆ.

ಆಗ ನಿಮ್ಮ ಕಡೆಯಿಂದ ಗುಂಡಿನ ಸದ್ದು ಬಂತು.

ಆ ಡೆಕ್ಕಿನ ಮೇಲೆ ಇದ್ದವರೆಲ್ಲ ಮಡಿಕೇರಿ, ಸುಂಟಿಕೊಪ್ಪ, ಸಂಪಾಜೆಯವರು. ಒಬ್ಬರೂ ಬೆಚ್ಚಲಿಲ್ಲ. ಎಲ್ಲರೂ ಸುಮ್ಮನಾದರು. ಚಹಾ ಕಲಕುತ್ತಿದ್ದ ಚಮಚಗಳು ನಿಂತವು. ಅಳುತ್ತಿದ್ದ ಒಂದು ಮಗುವಿನ ಬಾಯನ್ನು ಅದರ ತಾಯಿ ಮುಚ್ಚಿದಳು. ಕುಟ್ಟಪ್ಪ ಮಾವ ಒಂದು ಬೆರಳೆತ್ತಿ, "ಒಂದು" ಎಂದರು. ಆಮೇಲೆ ಪಿಸುಮಾತಿನಲ್ಲಿ, "ಇನ್ನೊಂದು ಉಟ್ಟಾ?"

ಸಾರಂಗ ಬೇರೆ ಊರಿನವನು. "ಎಂಥ ಮಾರಾಯ್ರೆ, ಎಲ್ಲ ಕಲ್ಲಾಗಿಬಿಟ್ರಿ? ಅದು ಅಲೆ ಜೋರುಂಟು, ಬರಬೇಡಿ ಅಂತ ಹೊಡೆದದ್ದು" ಎಂದ.

"ನಿಮಗೆ ಸಮುದ್ರ ಗೊತ್ತಿರಬಹುದು ಮಾರಾಯ್ರೆ, ಗುಂಡು ನಮಗೆ ಗೊತ್ತು. ಒಂದಾದ್ರೆ ಗಂಡು ಮಗು, ಎರಡಾದ್ರೆ ಸಾವು. ಮೂರನೇದು ಅಂತ ನಮ್ಮಲ್ಲಿ ಇಲ್ಲ. ಸುಮ್ಮನೆ ಇರಿ, ಲೆಕ್ಕ ತಪ್ಪುತ್ತದೆ" ಎಂದರು ಮಾವ.

ಎರಡನೆಯದು ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಡೆಕ್ಕಿಗೆ ಡೆಕ್ಕೇ ಎದ್ದಿತು. "ಹೈದನೇ! ಯಮುನಂಗೆ ಹೈದ!" ಎಂದು ಮಾವ ಕೂಗಿದರು. ಸುಂಟಿಕೊಪ್ಪದ ವಿಶಾಲಾಕ್ಷಮ್ಮ ದಾರಿಯ ಖರ್ಚಿಗೆ ತಂದಿದ್ದ ಸಕ್ಕರೆ ಡಬ್ಬಿ ತೆರೆದು, "ಎಲ್ಲಿ ಹುಡುಗನ ಸೋದರಮಾವ? ಬಾಯಿ ತೆಗೀರಿ ಅಂತ ಹೇಳಿ ಅವರಿಗೆ" ಎಂದು ಹುಡುಕಿದರಂತೆ.

ಹುಡುಕಿದರಂತೆ ಎಂದೆ. ಏಕೆಂದರೆ ನಾನು ಅಲ್ಲಿರಲಿಲ್ಲ. ನಾನು ಏಣಿಯ ನಡುವೆ ಇದ್ದೆ.

ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಎಲ್ಲರೂ ತಿಳಿದಿರುವುದು, ಗಂಡು ಮಗು ಎಂದು ಕೇಳಿ ನಾಣಯ್ಯ ಮಾತು ಮರೆತು ಓಡಿದ ಎಂದು. ಹಾಗಲ್ಲ. ಎಲ್ಲರೂ ಎರಡನೆಯ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದಾಗ ನನಗೆ ನಿನ್ನ ಮೊಣಕಾಲು ನೆನಪಾಯಿತು. ಏಣಿ ಹತ್ತಲಾಗದು ಎಂದದ್ದು, ಕಾರಣ ಬರೆಯುವಂಥದ್ದಲ್ಲ ಎಂದದ್ದು ನೆನಪಾಯಿತು. ಎರಡನೆಯದನ್ನು ಕುಳಿತು ಕೇಳುವುದು ನನ್ನಿಂದಾಗಲಿಲ್ಲ. ಚಪ್ಪಲಿ ಡೆಕ್ಕಿನ ಮೇಲೇ ಉಳಿಯಿತು. ಸಂತೋಷದ ಕೂಗು ಕೇಳಿದಾಗ ನನ್ನ ಒಂದು ಕಾಲು ಹಗ್ಗದ ಮೇಲೆ, ಒಂದು ಕಾಲು ಎಲ್ಲಿಯೂ ಇಲ್ಲ.

"ಅವಳು ನನಗೆ ಬರೆದಿಲ್ಲ ಮಾವ, ಮಗುವಿನ ಸುದ್ದಿ" ಎಂದು ಅಲ್ಲಿಂದಲೇ ಕೂಗಿದೆ.

"ನಿಂಗೆ ಯಾರು ಬರೀತಾರೆ ಮಾರಾಯ ಇಂಥದ್ದು? ಹತ್ತು ಇಲ್ಲ ಇಳಿ, ನಡುವೆ ನೇತಾಡಬೇಡ, ನಾನೂ ಬರಬೇಕು" ಎಂದರು ಮಾವ ಮೇಲಿನಿಂದ.

ಸಾರಂಗ ತಲೆ ಚಚ್ಚಿಕೊಂಡ. ಆಚೆ ಮಗ್ಗುಲಲ್ಲಿ ಅಲೆ ತಾಗದ ಒಂದು ಸಂದಿದೆ, ಅಲ್ಲಿಗೆ ಒಂದೇ ದೋಣಿ, ಮಕ್ಕಳು ಬೇಡ ಎಂದು ಒಪ್ಪಿದ. ಹೀಗೆ ನಾನು, ಕಮಲ, ಮಾವ, ವಿಶಾಲಾಕ್ಷಮ್ಮ ನಾಲ್ವರು ಬಂದೆವು. ಒದ್ದೆಯಾಗಿ, ಬರಿಗಾಲಲ್ಲಿ, ಪಾಕವಾದ ಸಕ್ಕರೆಯ ಜೊತೆ. ಬಂಡೆಯ ಮೇಲೆ ಕೆಂಪು ಬಟ್ಟೆ ಬೀಸುತ್ತಾ ಭಾವ ಓಡಿಬಂದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

"ಏನ್ರೀ ಸ್ವಾಮಿ, ಬರಬ್ಯಾಡಿ ಅಂತ ಗುಂಡು ಹೊಡುದ್ರೆ ಹಬ್ಬಕ್ಕೆ ಬಂದಂಗೆ ಬತ್ತಾವ್ರಲ್ಲಾ!"

"ಮಗು ಎಲ್ಲಿ?" ಎಂದರು ಕುಟ್ಟಪ್ಪ ಮಾವ.

"ಯಾವ ಮಗು?"

ಆಗ ಅವರ ಹಿಂದೆ ನೀನು, ಗಂಡನ ರೈನ್‌ಕೋಟು ತೊಟ್ಟು, ಅದರ ಗುಂಡಿಗಳು ಕೂಡದೆ, ಬಂಡೆಯ ಮೇಲೆ ಕುಳಿತು ನಗತೊಡಗಿದೆ. "ಅದು ಇನ್ನೂ ಬಂದಿಲ್ಲ ಮಾವ, ನೀವೇ ಬೇಗ ಬಂದ್ರಿ" ಎಂದೆ. ಕಮಲ ಮಾವಿನಕಾಯಿಯ ಭರಣಿ ತೆಗೆದು ನಿನ್ನ ಕೈಗೆ ಕೊಟ್ಟಳು. ಹುಳಿಯ ವಿಷಯ ನನಗೆ ಆಗ ತಿಳಿಯಿತು. ಈ ಮನೆಯಲ್ಲಿ ಅದು ಕೊನೆಗೆ ತಿಳಿದದ್ದು ನನಗೆ.

ಒಳಗೆ ಬಂದು ಕುರ್ಚಿಯಲ್ಲಿ ಕುಳಿತೆ. ನಾಲ್ಕು ಕಾಲೂ ಗಟ್ಟಿಯಾಗಿದ್ದವು. ಅದನ್ನು ಭಾವನಿಗೆ ಹೇಳು.

ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ಮೇ ತಿಂಗಳ ದೋಣಿಗೆ ದಡಕ್ಕೆ ಬಾ, ಕರೆದುಕೊಂಡು ಬರಲು ನಾನೇ ನಿಂತಿರುತ್ತೇನೆ.

ನಾಣಯ್ಯ

*

ಬಿಳಿಬಂಡೆ
ಏಪ್ರಿಲ್ 14, 1954

ಅಣ್ಣನಿಗೆ ನಮಸ್ಕಾರ.

ಬರುತ್ತೇನೆ. ಅವರು ಈಗಲೇ ಪೆಟ್ಟಿಗೆ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟುತ್ತಿದ್ದಾರೆ. ಕುರ್ಚಿಯ ಸಮಾಚಾರ ಹೇಳಿದೆ. ಆ ಸಂಜೆ ದೀಪ ಹಚ್ಚಲು ಹೋಗುವಾಗ ಶಿಳ್ಳೆ ಹಾಕಿಕೊಂಡು ಹೋದರು.

ನಿನ್ನ ಡೆಕ್ಕಿನ ಕಥೆಯನ್ನು ಎಷ್ಟು ಸಲ ಓದಿದೆನೋ. ಏಣಿಯ ಭಾಗವನ್ನು ಅವರಿಗೆ ಓದಿ ಹೇಳಲಿಲ್ಲ, ಅದನ್ನು ನನಗೇ ಇಟ್ಟುಕೊಂಡೆ. ಅದಕ್ಕೆ ಬದಲಾಗಿ ಈ ದಡದಲ್ಲಿ ಆದದ್ದನ್ನೂ ನಿನಗೆ ಹೇಳಬೇಕು.

ಆ ಬೆಳಿಗ್ಗೆ ಅಲೆ ನೋಡಿ ಅವರು ಗೋಡೆಯಿಂದ ಬಂದೂಕು ತೆಗೆದರು. ನಾನು, "ಬೇಡ, ಆ ಹಡಗಿನಲ್ಲಿ ನಮ್ಮವರಿದ್ದಾರೆ" ಎಂದೆ.

"ಅದಕ್ಕೇ ಕಣೆ ಹೊಡೀತಿರೋದು. ನಿಮ್ಮೋರು ಅಂತ ಅಲೆ ಸುಮ್ಕಿದ್ದಾತಾ?" ಎಂದರು.

ಅವರ ಊರಿನ ಕಡೆ ಹೊಲ ಕಾಯಲು ಹಂದಿಗೆ ಗುಂಡು ಹೊಡೆಯುತ್ತಾರೆ. ಮನುಷ್ಯರಿಗೆ ಸುದ್ದಿ ಮುಟ್ಟಿಸಲು ಯಾರೂ ಹೊಡೆಯುವುದಿಲ್ಲ. ಅವರಿಗೆ ನಮ್ಮ ಲೆಕ್ಕ ಗೊತ್ತಿಲ್ಲ. ನನಗೆ ಗೊತ್ತಿತ್ತು. "ಒಂದೇ ಸಲ ತಾನೆ?" ಎಂದು ಕೇಳಿದೆ. ಒಂದೇ ಎಂದರು. ಆಗ ನಾನು ಇನ್ನೇನಾದರೂ ಹೇಳಬಹುದಿತ್ತು. ಹೇಳಲಿಲ್ಲ. ದುರ್ಬೀನು ಹಿಡಿದು ಹಡಗನ್ನು ನೋಡುತ್ತಾ ನಿಂತೆ. ನಿನ್ನ ಬೆನ್ನು ಕಾಣುತ್ತಿತ್ತು. ಸದ್ದಾದ ಮೇಲೆ ಬೆನ್ನು ಕಾಣಲಿಲ್ಲ.

ಮೀಸೆ ಪೂರ್ತಿ ನರೆತಿದೆ, ಅಣ್ಣ. ಚೆನ್ನಾಗಿ ಕಾಣುತ್ತದೆ.

ಒಂದು ಮಾತು ಕೇಳಲೇ? ಮನೆಯೊಳಗೆ ಬರುವಾಗ ನಿನ್ನ ಪ್ರತಿಜ್ಞೆ ನೆನಪಾಗಲಿಲ್ಲವೇ? ನೀನು ಒಂದು ಕ್ಷಣವೂ ನಿಲ್ಲದೆ ಬಂದೆ. ಉತ್ತರ ಬರೆಯಲೇಬೇಕೆಂದಿಲ್ಲ.

ಯಮುನ

*

ಸಂಪಾಜೆ
ಡಿಸೆಂಬರ್ 14, 1954

ಚಿ. ಸೌ. ಯಮುನಳಿಗೆ ಆಶೀರ್ವಾದ.

ನೀನು ಮಗುವಿನೊಡನೆ ದ್ವೀಪ ಸೇರಿದ ಕಾಗದ ಬಂತು. ನೀವು ಹೋದ ಮೇಲೆ ಈ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದ ತೊಲೆಯನ್ನು ಕಂಡಾಗಲೆಲ್ಲ ತಲೆಯೆತ್ತಿ ನೋಡುವ ಅಭ್ಯಾಸವಾಗಿದೆ. ಹುತ್ತರಿಯ ಹೊಸ ಕದಿರಿನಲ್ಲಿ ನಿನ್ನ ಬಾಗಿಲಿಗೊಂದು ಕಟ್ಟು ತೆಗೆದಿಟ್ಟು ಇದರೊಡನೆ ಕಳಿಸಿದ್ದೇನೆ.

ಜೂನ್ ತಿಂಗಳ ಆ ಬೆಳಿಗ್ಗೆ ನಾನು ಅಂಗಳದಲ್ಲಿ ಹಾರಿಸಿದ ಗುಂಡು ಒಳಗೆ ಮಲಗಿದ್ದ ನಿನಗೆ ಕೇಳಿಸಿತು. ಅಂಗಳದ ಮಾತು ಕೇಳಿಸಿರಲಿಕ್ಕಿಲ್ಲ. ಕುಟ್ಟಪ್ಪ ಮಾವ ಕೊಡೆಯನ್ನೂ ಮರೆತು ಓಡಿಬಂದರು.

"ಹೈದನಾ?"

"ಗೂಡೆ."

"ಮತ್ತೆ ಈಡು ಯಾಕೆ ಹೊಡೆದೆ? ಹೆಣ್ಣು ಮಗುವಿಗೆ ಹೊಡೆದವ ಈ ಊರಲ್ಲಿ ಯಾರಿದ್ದಾನೆ?"

"ಇನ್ನು ಮುಂದೆ ಒಬ್ಬ ಇದ್ದಾನೆ" ಎಂದೆ. "ಮತ್ತೆ ಮಾರ್ಚಿಯಲ್ಲಿ ನೀವೆಲ್ಲ ಸಕ್ಕರೆ ತಿಂದಾಗಿದೆಯಲ್ಲ ಮಾವ. ಇದು ಅದಕ್ಕೆ ರಶೀದಿ."

ಮಾವ ಸ್ವಲ್ಪ ಹೊತ್ತು ಮಳೆಯಲ್ಲೇ ನಿಂತಿದ್ದರು. ಆಮೇಲೆ ಒಳಗೆ ಬಂದು, ಮಗುವನ್ನು ನೋಡಿ, ನಮ್ಮ ಅವ್ವನದೇ ಮೂಗು ಎಂದವರು ಅವರೇ. ಮುತ್ತಮ್ಮ ಎಂದು ಹೆಸರಿಡಲು ಹೇಳಿದವರೂ ಅವರೇ.

ಈಗ ನಿನ್ನ ಏಪ್ರಿಲ್ ತಿಂಗಳ ಪ್ರಶ್ನೆ. ಇಲ್ಲಿದ್ದಷ್ಟು ದಿನ ನೀನು ಅದನ್ನು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಎದುರೆದುರು ಕುಳಿತಾಗ ನಾವು ಮಳೆ, ಹಾಲು, ಮಗುವಿನ ನಿದ್ದೆಯ ವಿಷಯ ಮಾತಾಡುವವರು.

ಪ್ರತಿಜ್ಞೆ ನೆನಪಾಯಿತು. ನಿನ್ನ ಬಾಗಿಲ ಹತ್ತಿರ ಬಂದಾಗಲೇ ನೆನಪಾಯಿತು. ಆಗ ನೀನು ಹಿಂದಿನಿಂದ, "ಅಣ್ಣ, ತಲೆ ಜೋಪಾನ, ಬಾಗಿಲು ಗಿಡ್ಡ" ಎಂದೆ. ನಾನು ಮೇಲೆ ನೋಡಲಿ ಎಂದು ನಿನ್ನ ಆಸೆ. ನಾನು ಕೆಳಗೆ ನೋಡಿದೆ. ಬಾಗಿಲಿನ ಬುಡದಲ್ಲಿ ಉದ್ದಕ್ಕೂ ಹೊಸ ಗಾರೆ, ಸುತ್ತಲಿನ ನೆಲದ ಬಣ್ಣಕ್ಕೆ ಹೊಂದಿರಲಿಲ್ಲ. ದಾರಂದದ ಚೌಕಟ್ಟಿನ ಎರಡೂ ಕಾಲುಗಳಲ್ಲಿ ಗರಗಸದ ಗುರುತು ಹಸಿಯಾಗಿತ್ತು. ನನ್ನ ಮಾತು ಉಳಿಯಲಿ ಎಂದು ನೀವಿಬ್ಬರೂ ಸೇರಿ ಸರ್ಕಾರದ ಮನೆಯ ಹೊಸ್ತಿಲನ್ನೇ ಕಿತ್ತಿದ್ದಿರಿ. ಇಳಿಯುವುದಿಲ್ಲವೆಂದು ಬರೆದವನಿಗಾಗಿ ಕಿತ್ತಿದ್ದಿರಿ.

ಆದ್ದರಿಂದ ನಿಲ್ಲದೆ ಬಂದೆ. ನಿಂತಿದ್ದರೆ ನನ್ನ ಮುಖವನ್ನು ನೀವು ನೋಡಬೇಕಾಗುತ್ತಿತ್ತು.

ಹೊರಡುವಾಗ ಬಾಗಿಲಲ್ಲಿ ಕೂತು ಪಾದಕ್ಕೆ ಮುಳ್ಳು ಚುಚ್ಚಿದೆ ಎಂದೆನಲ್ಲ. ನಿನ್ನ ಬಂಡೆಯ ಮೇಲೆ ಮುಳ್ಳೆಲ್ಲಿಯದು? ಆಗ ಗೇಣು ಹಾಕಿ ಬಾಗಿಲಿನ ಅಗಲ ಅಳೆದುಕೊಂಡೆ.

ನಮ್ಮ ತೋಟದ ಹಳೆಯ ಹಲಸು ಕಳೆದ ವರ್ಷವೇ ಬಿದ್ದಿತ್ತು. ಅದರಲ್ಲಿ ಒಂದು ಹೊಸ್ತಿಲು ಮಾಡಿಸಿ, ಕಮಲಳ ಕೈಯಲ್ಲಿ ಅರಿಶಿನ ಹಚ್ಚಿಸಿ, ಗೋಣಿ ಸುತ್ತಿ ಈ ಸಲದ ಸಾಮಾನಿನ ದೋಣಿಗೆ ಹಾಕಿಸಿದ್ದೇನೆ. ನನ್ನ ಗೇಣು ಸ್ವಲ್ಪ ದೊಡ್ಡದು, ಉದ್ದ ಹೆಚ್ಚಾದರೆ ಭಾವ ಕೊಯ್ದುಕೊಳ್ಳಲಿ. ಗರಗಸ ಅವರಿಗೆ ಅಭ್ಯಾಸವಿದೆ.

ಮಾರ್ಚಿಯಲ್ಲಿ ಆ ಹಡಗು ಮತ್ತೆ ಹೊರಡುತ್ತದಂತೆ. ನಮ್ಮ ಮನೆಯವರ ಹೆಸರು ಬರೆಸಿದ್ದೇನೆ, ತಮ್ಮದನ್ನು ಕುಟ್ಟಪ್ಪ ಮಾವ ತಾವೇ ಬರೆಸಿಕೊಂಡಿದ್ದಾರೆ. ಅಲೆ ಎಷ್ಟೇ ಜೋರಿರಲಿ, ಆ ದಿನ ಗುಂಡು ಮಾತ್ರ ಹಾರಿಸಬೇಡಿ ಎಂದು ಭಾವನಿಗೆ ಹೇಳು. ವಿಶಾಲಾಕ್ಷಮ್ಮ ಈಗಲೇ ಸಕ್ಕರೆ ಕೊಂಡಿಟ್ಟಿದ್ದಾರೆ.

ಅಷ್ಟರೊಳಗೆ ಹೊಸ್ತಿಲು ಕೂಡಿಸಿರಿ. ಈ ಸಲ ದಾಟಿ ಬರಲು ನನಗೆ ಏನಾದರೂ ಇರಬೇಕಲ್ಲ.

ನಿನ್ನ ಅಣ್ಣ,
ನಾಣಯ್ಯ